ಮನೆಗೊಬ್ಬ ಮೋಸಹೋಗುವವ ಬೇಕು

ಜಾದೂ ಪ್ರದರ್ಶನಕ್ಕೆ ಏನೇನು ಬೇಕು ಎಂದು ಯಾರನ್ನು ಕೇಳಿದರೂ ಇಸ್ಪೀಟು ಎಲೆ, ಕರವಸ್ತ್ರ, ಹಗ್ಗ, ಒಂದು ಕರೀ ಕೋಲು, ಸಾಧ್ಯವಾದರೆ ಒಂದು ಮೊಲ ಎಂದು ಪಟ್ಟಿ ಕೊಡುತ್ತಾರೆ. ಅತಿ ಮುಖ್ಯವಾದ ಸಾಮಾನು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಅದು ಮೋಸಹೋಗುವ ಮನುಷ್ಯ. ಇಸ್ಪೀಟನ್ನು ಹುಬ್ಬಳ್ಳಿಯಿಂದ ತರಿಸಬಹುದು, ಮೊಲವನ್ನೂ ಹೇಗೋ ಹೊಂದಿಸಬಹುದು. ಆದರೆ ಬಾಯಿ ತೆರೆದು, ಕಣ್ಣರಳಿಸಿ, ‘ಅರೇ, ಎಲ್ಲಿ ಹೋತು?’ ಎಂದು ಮನಸಾರೆ ಕೇಳುವ ಮನುಷ್ಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವನು ಮನೆಯಲ್ಲೇ ತಯಾರಾಗಬೇಕು. ಹಾವೇರಿಯ ನಮ್ಮ ಮನೆಯಲ್ಲಿ ಆ ಹುದ್ದೆ ಬಹಳ ವರ್ಷಗಳಿಂದ ಭರ್ತಿಯಾಗಿದೆ. ಅರ್ಜಿ ಹಾಕಿದ ನೆನಪು ನನಗಿಲ್ಲ, ಸಂದರ್ಶನವೂ ನಡೆಯಲಿಲ್ಲ. ಬಹುಶಃ ನಾನು ಕನ್ಯೆ ನೋಡಲು ಬ್ಯಾಡಗಿಗೆ ಹೋಗಿದ್ದ ದಿನವೇ ಆಯ್ಕೆ ಪಟ್ಟಿ ಅಂತಿಮವಾಗಿರಬೇಕು.

ಒಂದು ಕಾಲಕ್ಕೆ ಮನೆಯ ಏಕೈಕ ಜಾದೂಗಾರ ನಾನೇ ಆಗಿದ್ದೆ. ಮಕ್ಕಳ ಕಿವಿಯ ಹಿಂದಿನಿಂದ ರೂಪಾಯಿ ತೆಗೆಯುವುದು, ಹೆಬ್ಬೆರಳನ್ನು ಎರಡು ತುಂಡು ಮಾಡಿ ಮತ್ತೆ ಜೋಡಿಸುವುದು, ಇವೆರಡೇ ಐಟಂ ಇಟ್ಟುಕೊಂಡು ಅವರ ಬಾಲವಾಡಿ ಕಾಲವನ್ನೆಲ್ಲ ದಾಟಿಸಿದ್ದೆ. ಮಗಳು ಮೂರನೇ ಇಯತ್ತೆಗೆ ಬಂದ ಮೇಲೆ ಒಂದು ಸಂಜೆ, ನಾನು ಬಲಗೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಾಗ, ‘ಅಪ್ಪಾ, ಎಡಗೈ ತೋರ್ಸು’ ಎಂದಳು. ಅಲ್ಲಿಗೆ ನನ್ನ ಕಲಾಜೀವನ ಮುಗಿಯಿತು. ಮಗ ಇನ್ನಷ್ಟು ಕಾಲ ನಂಬಿದ. ಅವನು ನಂಬಿದ್ದು ಜಾದೂವನ್ನಲ್ಲ, ಆಟ ಮುಗಿದ ಮೇಲೆ ಆ ರೂಪಾಯಿ ತನಗೇ ಸಿಗುತ್ತದೆ ಎಂಬುದನ್ನು.

ಹೀಗೆ ನಿವೃತ್ತನಾಗಿದ್ದ ನನ್ನನ್ನು ಮತ್ತೆ ರಂಗಕ್ಕೆ ಎಳೆದದ್ದು ಒಂದು ಸಿನಿಮಾ. ಏಪ್ರಿಲ್ ಬಿಸಿಲಿಗೆ ಹೊರಗೆ ಕಾಲಿಡಲಾಗದೆ ಮಕ್ಕಳು ಟೀವಿ ಮುಂದೆ ಕೂತಿದ್ದರು. ಡಿಸ್ನಿಯವರ ‘ಮ್ಯಾಜಿಕ್ ಕ್ಯಾಂಪ್’, 2020ರದು, ಮಾರ್ಕ್ ವಾಟರ್ಸ್ ನಿರ್ದೇಶನದ್ದು. ಜಾದೂಗಾರನಾಗಿ ನೆಲಕಚ್ಚಿದ ಒಬ್ಬಾತ, ಬಾಲ್ಯದಲ್ಲಿ ತಾನು ಕಲಿತ ಬೇಸಿಗೆ ಶಿಬಿರಕ್ಕೇ ಗುರುವಾಗಿ ಹಿಂತಿರುಗುತ್ತಾನೆ. ಅವನ ಪಾಲಿಗೆ ಬರುವುದು ಒಂದಷ್ಟು ಎಡವಟ್ಟು ಮಕ್ಕಳು. ಎದುರು ತಂಡವನ್ನು ತಯಾರು ಮಾಡುವವಳು ಅವನ ಹಳೆಯ ಎದುರಾಳಿ, ಈಗ ಹೆಸರುವಾಸಿ ಜಾದೂಗಾರ್ತಿ. ಮಕ್ಕಳು ಮೊಲ ನೋಡಿದರು, ಇಸ್ಪೀಟು ನೋಡಿದರು. ನಾನು ಆ ಗುರುವಿನಲ್ಲಿ ನನ್ನನ್ನೇ ನೋಡಿಕೊಂಡೆ. ಕಣ್ಣು ಕೂಡ ಸ್ವಲ್ಪ ಒದ್ದೆಯಾಯಿತು. ‘ಇಂವಾ ಥೇಟ್ ನನ್ನಂಗ ಅದಾನಲ್ಲ?’ ಎಂದೆ. ಮೊರದಲ್ಲಿ ಕಡಲೆಬೇಳೆ ಹಸನು ಮಾಡುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: ‘ಅಂವಾ ಸೋತ ಜಾದೂಗಾರ. ನೀವು ಬರೇ ಸೋತಾವ್ರು.’

ಅದೇ ವಾರ ಪೇಪರಿನ ಮಡಿಕೆಯಿಂದ ಒಂದು ಗುಲಾಬಿ ಚೀಟಿ ಬಿತ್ತು. ಬೇಸಿಗೆ ಶಿಬಿರ. ಯೋಗ, ಅಬಾಕಸ್, ವೇದ ಗಣಿತ, ಕೈಬರಹ ಸುಧಾರಣೆ, ಜಾದೂ. ಮಗನ ಕೈಬರಹವನ್ನು ಅವನೇ ಮರುದಿನ ಓದಲಾರ. ಆದ್ದರಿಂದ ನಾನು ಕೈಬರಹಕ್ಕೆಂದೇ ರೊಕ್ಕ ಕೊಟ್ಟು, ಮಕ್ಕಳಿಬ್ಬರನ್ನೂ ಹೆಸರು ಹಚ್ಚಿ ಬರಲು ಕಳಿಸಿದೆ. ಸಂಜೆ ರಸೀದಿ ನೋಡಿದರೆ ಜಾದೂ ಎಂದಿತ್ತು, ಅದೂ ಇಬ್ಬರ ಹೆಸರಿಗೂ. ಕಣ್ಣೆದುರು ಕೊಟ್ಟ ನೋಟು ಒಂದು ಕಡೆ ಹೋಗಿ ಇನ್ನೊಂದು ಕಡೆ ಎದ್ದು ಬಂದಿತ್ತು. ಕ್ಲಾಸು ಶುರುವಾಗುವ ಮೊದಲೇ ನಡೆದ ಪ್ರಯೋಗ ಅದು.

ಶಿಬಿರದ ಜಾದೂ ಸರ್ ಮೊದಲ ದಿನ ಮೂರು ನಿಯಮ ಹೇಳಿಕೊಟ್ಟರಂತೆ. ಗುಟ್ಟು ಹೇಳಬಾರದು. ಒಮ್ಮೆ ಮಾಡಿದ ಆಟವನ್ನು ಅದೇ ಜನರೆದುರು ಮತ್ತೊಮ್ಮೆ ಮಾಡಬಾರದು. ಕನ್ನಡಿ ಮುಂದೆ ಅಭ್ಯಾಸ ಮಾಡದೆ ಜನರ ಮುಂದೆ ಹೋಗಬಾರದು. ಜಗತ್ತಿನ ದೊಡ್ಡ ದೊಡ್ಡ ಜಾದೂಗಾರರೆಲ್ಲ ಒಪ್ಪಿಕೊಂಡ ನಿಯಮಗಳು ಇವು, ನನ್ನ ತಕರಾರಿಲ್ಲ. ಆದರೆ ನಮ್ಮ ಮನೆಯಲ್ಲಿ ಇರುವುದು ಒಂದೇ ಕನ್ನಡಿ. ಬೆಳಿಗ್ಗೆ ಏಳಕ್ಕೆ ಮಗಳು ಅದರ ಮುಂದೆ ನಿಂತರೆ ಅವಳ ಬೆರಳ ಸಂದಿಯ ಚೆಂಡು ಮಾಯವಾಗುವವರೆಗೆ ಯಾರೂ ಹತ್ತಿರ ಸುಳಿಯುವಂತಿಲ್ಲ. ನಾನು ಸ್ಕೂಟರಿನ ಕನ್ನಡಿಯಲ್ಲಿ ಗಡ್ಡ ಹೆರೆದುಕೊಂಡು, ಒಂದು ಕಪಾಳ ಹಸನಾಗಿ, ಇನ್ನೊಂದು ಅಂದಾಜಿನ ಮೇಲೆ, ಕಾಲೇಜಿಗೆ ಹೋಗತೊಡಗಿದೆ. ಗುಟ್ಟಿನ ನಿಯಮ ಇನ್ನೂ ಕಠಿಣ. ನಾನು ಕೋಣೆಗೆ ಕಾಲಿಟ್ಟರೆ ಇಬ್ಬರೂ ಕೈ ಹಿಂದಕ್ಕೆ ಕಟ್ಟಿ ಗೋಡೆಗೆ ಒರಗಿ ನಿಲ್ಲುವರು. ಮನಿ ನಂದು, ಫೀ ನಂದು, ಗುಟ್ಟು ಮಾತ್ರ ನಂದಲ್ಲ.

ಎರಡನೇ ವಾರ ಅವರು ಕಲಿತು ಬಂದದ್ದು ಗಮನ ತಪ್ಪಿಸುವ ವಿದ್ಯೆ. ಜಾದೂಗಾರ ಯಾವ ಕಡೆ ನೋಡುತ್ತಾನೋ ಜನ ಆ ಕಡೆ ನೋಡುತ್ತಾರೆ. ದೊಡ್ಡ ಚಲನೆ ಸಣ್ಣ ಚಲನೆಯನ್ನು ಮುಚ್ಚುತ್ತದೆ. ಪ್ರಶ್ನೆ ಕೇಳಿದರೆ ಎದುರಿನವನ ಕಣ್ಣು ಕೈಯಿಂದ ಮುಖಕ್ಕೆ ಏರುತ್ತದೆ. ಮಗಳು ಊಟದ ಹೊತ್ತಿಗೆ ಇದನ್ನು ವಿವರಿಸುತ್ತಿದ್ದಾಗ ಹೆಂಡತಿಯ ಮುಖದಲ್ಲಿ ಒಂದು ಸಣ್ಣ ನಗೆ ಹಾದುಹೋಯಿತು. ಅಷ್ಟು ಸಾಕಾಯಿತು. ಮದುವೆಯಾದಂದಿನಿಂದ ನಡೆದ ಎಷ್ಟೋ ಘಟನೆಗಳು ಒಂದೊಂದಾಗಿ ಎದ್ದು ನಿಂತವು. ‘ನೋಡ್ರಿ, ಹಿತ್ತಲ ಬಾಗಲಾ ಹಾಕೇತೇನ?’ ಎಂದು ಆಕೆ ಕೇಳಿದಾಗಲೆಲ್ಲ ನಾನು ಹಿತ್ತಲಿಗೆ ಹೋಗಿದ್ದೇನೆ. ಬಾಗಿಲು ಪ್ರತಿಸಲವೂ ಹಾಕಿಯೇ ಇತ್ತು. ತಿರುಗಿ ಬರುವಷ್ಟರಲ್ಲಿ ಮುಂಬಾಗಿಲಲ್ಲಿ ಪಾರ್ಸೆಲ್ ಹುಡುಗನ ಬೈಕು ಹೊರಟ ಸದ್ದು. ಮುಂದಿನ ಹಬ್ಬಕ್ಕೆ ಹೊಸ ಸೀರೆ. ‘ಹೊಸಾದ?’ ಎಂದರೆ, ‘ಅಯ್ಯ, ನಿಮ್ಮ ಅಕ್ಕನ ಮಗಳ ಲಗ್ನಕ್ಕ ಉಟ್ಟಿದ್ನೆಲ್ಲ, ಮರತ್ರೇನು?’ ಎಂಬ ಪ್ರಶ್ನೆ. ನನ್ನ ಕಣ್ಣು ಸೀರೆಯಿಂದ ಮುಖಕ್ಕೆ ಏರುತ್ತಿತ್ತು, ಮರೆತೆನೆಂಬ ನಾಚಿಕೆ ಬೇರೆ. ಮಕ್ಕಳು ಫೀ ಕೊಟ್ಟು ಕಲಿತದ್ದನ್ನು ಈಕೆ ಯಾವ ಶಿಬಿರಕ್ಕೂ ಹೋಗದೆ ನುಂಗಿ ನೀರು ಕುಡಿದಿದ್ದಳು.

ಅವ್ವನದು ಇನ್ನೊಂದು ಘರಾಣೆ. ನಮ್ಮ ಹಾವೇರಿ ಏಲಕ್ಕಿ ಮಾಲೆಗೆ ಹೆಸರಾದ ಊರು. ಏಲಕ್ಕಿ ಕಾಯಿಗಳನ್ನು ಪೋಣಿಸಿ, ನಡುವೆ ಮಣಿ, ಜರಿ, ರೇಷ್ಮೆ ಕುಚ್ಚು ಸೇರಿಸಿ ಕಟ್ಟುವ ಈ ಮಾಲೆ ಮಂತ್ರಿ ಮಹೋದಯರ ಕೊರಳಿಗೆ ಬೀಳುತ್ತದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮೂರಿಗೇ ಬಂದಿತ್ತು. ದೊಡ್ಡರಂಗೇಗೌಡರು ಅಧ್ಯಕ್ಷರು. ಎರಡು ಕತೆ ಬರೆದಿದ್ದೇನೆ ಎಂಬ ಧೈರ್ಯದ ಮೇಲೆ ನಾನು ಮೂರು ದಿನವೂ ಕೊರಳು ಉದ್ದ ಮಾಡಿಕೊಂಡೇ ಓಡಾಡಿದೆ. ಮಾಲೆ ಬೀಳಲಿಲ್ಲ. ಅದು ಬಿದ್ದದ್ದು ಒಂದು ವರ್ಷ ಕಳೆದು, ಒಂದು ಶಾಲೆಯ ಗ್ಯಾದರಿಂಗ್‌ನಲ್ಲಿ. ಬರಬೇಕಿದ್ದ ಮುಖ್ಯ ಅತಿಥಿ ಬಾರದೆ, ತಂದ ಮಾಲೆ ಹಾಳಾಗಬಾರದೆಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನಗೇ ಹಾಕಿಬಿಟ್ಟರು. ಮನೆಗೆ ತಂದು ಪಡಸಾಲೆಯ ಮೊಳೆಗೆ ತೂಗುಹಾಕಿದೆ. ಬಂದವರೆಲ್ಲ ನೋಡಿದರು. ಕೆಲವು ತಿಂಗಳ ಮೇಲೆ ಒಂದು ದಿನ ಧೂಳು ಒರೆಸಲು ಇಳಿಸಿದರೆ ಕೈಗೆ ಭಾರವೇ ಹತ್ತಲಿಲ್ಲ. ಮಣಿ ಇತ್ತು, ಜರಿ ಇತ್ತು, ಕುಚ್ಚು ಇತ್ತು. ಏಲಕ್ಕಿ ಮಾತ್ರ ಮುಂದಿನ ಮಗ್ಗಲಿಗೆ ನಾಲ್ಕು ಉಳಿದು, ಹಿಂದೆಲ್ಲ ಬರೀ ದಾರ. ಅವ್ವ ಶ್ಯಾವಿಗಿ ಪಾಯಸ ಕಲಕುತ್ತ, ‘ಈ ಸಲದ ಯಾಲಕ್ಕಿ ಭಾಳ ಘಮಾ ಬಿಡಾಕತ್ತಾವು ನೋಡು’ ಎಂದಳು. ನನ್ನ ಸನ್ಮಾನವನ್ನು ನಾನೇ ಕಂತುಕಂತಾಗಿ ಕುಡಿದಿದ್ದೆ.

ಇಂಥ ಅವ್ವನೆದುರು ಮಗ ತನ್ನ ಮೊದಲ ಆಟ ತೋರಿಸಹೊರಟ. ಗಾಜಿನ ಲೋಟದಲ್ಲಿ ಹಳದಿ ನೀರು. ಇನ್ನೊಂದು ಲೋಟದಿಂದ ತಿಳಿನೀರು ಸುರಿದ. ಹಳದಿ ಹೋಗಿ ಕೆಂಪಾಯಿತು. ‘ರಕ್ತಾ!’ ಎಂದು ಕೂಗಿದ. ನನಗೆ ಮೈ ಜುಮ್ಮೆಂದಿತು. ಅವ್ವ ಕವಳದ ಚೀಲದಿಂದ ಅಡಿಕೆ ಆರಿಸುತ್ತ, ‘ಅರಿಷಿಣದ ನೀರಿಗಿ ಸುಣ್ಣದ ತಿಳಿ ಹಾಕಿದಿ. ಓಕಳಿ ಅಲ್ಲೇನ ಅದು? ನಿಮ್ಮಪ್ಪ ಹುಟ್ಟಿದಾಗಿಂದ ಆರತಿ ತಾಟಿನ್ಯಾಗ ಮಾಡಾಕತ್ತೀನಿ. ಲಿಂಬಿಹಣ್ಣ ಹಿಂಡು, ತಿರುಗಿ ಹಳದಿ ಆಗತೈತಿ’ ಎಂದಳು. ಹಿಂಡಿದ, ಆಯಿತು. ರಸಾಯನಶಾಸ್ತ್ರದವರು ಆಮ್ಲ, ಕ್ಷಾರ ಎಂದು ಕಪ್ಪು ಹಲಗೆ ತುಂಬಿಸುವ ಪಾಠ ದೃಷ್ಟಿ ತೆಗೆಯುವ ತಾಟಿನಲ್ಲಿ ಇಷ್ಟು ವರ್ಷ ನನ್ನ ಮುಖದ ಸುತ್ತಲೇ ತಿರುಗಿದೆ, ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಮರುದಿನ ಮಗ ಚೀಲದಲ್ಲಿ ಮೊಟ್ಟೆ ಮಾಯ ಮಾಡುವ ಆಟಕ್ಕೆ ಮೊಟ್ಟೆ ಬೇಕೆಂದ. ಲಿಂಗದ ಪೂಜೆಗೆ ಕೂತಿದ್ದ ಅವ್ವ ಬರೇ ಕಣ್ಣು ಬಿಟ್ಟಳು. ಮಾಯವಾಗಬೇಕಾದರೆ ಮೊಟ್ಟೆ ಮೊದಲು ಹೊಸ್ತಿಲು ದಾಟಿ ಒಳಗೆ ಬರಬೇಕಲ್ಲ. ಬಟಾಟೆಯ ಮೇಲೆ ತೃಪ್ತಿಪಟ್ಟ.

ಇಷ್ಟೆಲ್ಲ ಆದ ಮೇಲೆ ನಾನು ಯಜಮಾನಿಕೆ ತೋರಿಸಲೇಬೇಕಾಯಿತು. ‘ಓದು ಬರಹ ಬಿಟ್ಟು ಇದೇನ ಹಚ್ಚೀರಿ? ನಮ್ಮ ಕಡೆ ಜಾದೂ ಮಾಡಿ ಯಾರು ಮುಂದ ಬಂದಾರ?’ ಎಂದೆ. ಮಗಳು ಬೆರಳು ಮಡಚತೊಡಗಿದಳು. ಮಂಗಳೂರಿನ ಕುದ್ರೋಳಿ ಗಣೇಶ್, ಉದಯ್ ಜಾದೂಗಾರ್, ಪ್ರಹ್ಲಾದ ಆಚಾರ್ಯ, ಗೊಂಬೆಯನ್ನು ಮಾತಾಡಿಸುವ ಇಂದುಶ್ರೀ. ನಾಲ್ಕು ಬೆರಳು ಮಡಚಿದರೂ ನನ್ನ ಕಡೆ ಒಂದು ಹೆಸರೂ ಇರಲಿಲ್ಲ. ಹುಲಿಕಲ್ ನಟರಾಜರ ಹೆಸರು ತೆಗೆದು ತಿರುಗೇಟು ಕೊಟ್ಟೆ. ಅವರು ಊರೂರು ತಿರುಗಿ ಪವಾಡ ಮಾಡಿ ತೋರಿಸಿ, ಆಮೇಲೆ ಗುಟ್ಟನ್ನೂ ಬಿಚ್ಚಿ ಹೇಳುತ್ತಾರೆ. ‘ನಿಮ್ಮ ಸರ್ ಗುಟ್ಟು ಹೇಳಬ್ಯಾಡ್ರಿ ಅಂತಾರ, ಇವರು ಹೇಳ್ತಾರ. ಯಾರು ಖರೇ?’ ಮಗಳಿಗೆ ಉತ್ತರ ಸಿದ್ಧವಿತ್ತು. ‘ಜಾದೂಗಾರ ಮೊದಲ ಹೇಳಿರ್ತಾನಪ್ಪ, ನಾ ನಿಮಗ ಮೋಸಾ ಮಾಡ್ತೀನಿ ಅಂತ. ಹೇಳಲಾರದ ಮಾಡಾವ್ರ ಗುಟ್ಟನ್ನ ನಟರಾಜ್ ಸರ್ ಬಿಚ್ಚತಾರ.’ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆಂದು ಸಮಿತಿ ಕಟ್ಟಿದಾಗ ಎಷ್ಟೋ ದೊಡ್ಡವರು ಗೊಂದಲಕ್ಕೆ ಬಿದ್ದಿದ್ದು ಈ ವ್ಯತ್ಯಾಸ ತಿಳಿಯದೆ. ಅದನ್ನು ಏಳನೇ ಇಯತ್ತೆಯ ಹುಡುಗಿ ರೊಟ್ಟಿ ಮುರಿಯುತ್ತ ಹೇಳಿ ಮುಗಿಸಿದಳು. ನಾನು ಹೇಳದೆ ಮಾಡುವವರ ಪಟ್ಟಿಯಲ್ಲಿ ಹೆಂಡತಿಯ ಹೆಸರು ಬರೆಯೋಣವೆಂದುಕೊಂಡೆ. ಆಕೆ ಅಷ್ಟರಲ್ಲಿ, ‘ಇನ್ನೊಂದ ರೊಟ್ಟಿ ಹ್ಯಾಂಗ್ರಿ?’ ಎಂದಳು. ಕಣ್ಣು ತಾಟಿಗೆ ಇಳಿಯಿತು. ಮಾತು ಮರೆತೆ.

ಆಮೇಲೆ ಸರ್ಕಾರ್ ಪರ್ವ. ಜಾದೂಗಾರ ಪಿ. ಸಿ. ಸರ್ಕಾರ್ ಅವರು 1956ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಿಬಿಸಿ ಟೀವಿಯಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಎರಡು ಭಾಗ ಮಾಡಿದರು. ಆಕೆಯನ್ನು ಎಬ್ಬಿಸುವ ಮುನ್ನವೇ ಕಾರ್ಯಕ್ರಮದ ಸಮಯ ಮುಗಿದು ಪ್ರಸಾರ ನಿಂತಿತು. ಹುಡುಗಿ ಸತ್ತೇ ಹೋದಳೆಂದು ಗಾಬರಿಯಾದ ಜನ ಫೋನಿನ ಮೇಲೆ ಫೋನು ಮಾಡಿ ಬಿಬಿಸಿಯ ಲೈನುಗಳೆಲ್ಲ ಕಟ್ಟಿಹೋದವು. ಮರುದಿನ ಸರ್ಕಾರ್ ಮನೆಮಾತು. ಈ ಕತೆ ಕೇಳಿ ಬಂದ ಮಗಳು ತಮ್ಮನನ್ನು ಮಂಚದ ಮೇಲೆ ಮಲಗಿಸಿ ಅಳತೆ ತೆಗೆಯುತ್ತಿದ್ದಳು. ‘ಸಣ್ಣ ಹುಡುಗನ್ನ ಬಿಡು, ಮೊದಲ ನಿಮ್ಮಪ್ಪನ್ನ ಕೊಯ್ದು ನೋಡು’ ಎಂಬ ಸಲಹೆ ಅಡುಗೆಮನೆಯಿಂದ ಬಂತು. ಅದೃಷ್ಟಕ್ಕೆ ನನ್ನ ಅಳತೆಯ ಪೆಟ್ಟಿಗೆ ಸಿಗಲಿಲ್ಲ.

ಸರ್ಕಾರ್ ಅವರ ಇನ್ನೊಂದು ಹೆಸರಾಂತ ಆಟ ‘ವಾಟರ್ ಆಫ್ ಇಂಡಿಯಾ’. ಒಂದು ತಂಬಿಗೆಯಿಂದ ನೀರೆಲ್ಲ ಸುರಿದು ಖಾಲಿ ಮಾಡಿ ಇಡುತ್ತಾರೆ. ಮತ್ತೆ ಎತ್ತಿದರೆ ಮತ್ತೆ ನೀರು. ಪ್ರದರ್ಶನದ ನಡುನಡುವೆ ಇದು ನಡೆಯುತ್ತಲೇ ಇರುತ್ತದೆ, ನೀರು ಮುಗಿಯುವುದೇ ಇಲ್ಲ. ಇಂಥ ತಂಬಿಗೆಯೊಂದನ್ನು ಶಿಬಿರದಿಂದ ಮಗ ಕಡ ತಂದ. ನಲ್ಲಿ ನೀರು ಬಿಡುವ ದಿನಕ್ಕೆ ಕೊಡ, ಬಕೇಟು, ಡ್ರಮ್ಮು, ಕುಕ್ಕರು ಸಮೇತ ಕಾದು ಕೂಡುವ ನಮ್ಮ ಓಣಿಯಲ್ಲಿ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಎದುರುಮನೆಯ ಕಾಕು ಬಂದು, ‘ಆ ತಂಬಿಗಿ ಒಂದ ದಿನಾ ಕೊಡಸ್ರೆಲ್ಲ, ಅರಬಿ ಒಗದು ಕೊಟ್ಟುಬಿಡ್ತೀನಿ’ ಎಂದು ನನ್ನನ್ನೇ ಕೇಳಿದರು.

ಶಿಬಿರ ಮುಗಿದ ಮೇಲೆ ಊರೂರು ಪ್ರವಾಸ. ರಾಣೆಬೆನ್ನೂರಿನಲ್ಲಿ ನನ್ನ ಅಕ್ಕನ ಮನೆ, ಬ್ಯಾಡಗಿಯಲ್ಲಿ ಮಾವನ ಮನೆ. ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ಕಂಡಕ್ಟರು ಹೆಂಡತಿಗೂ ಮಗಳಿಗೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟರು. ಮಗನಿಗೆ ಅರ್ಧ. ಕೊನೆಗೆ ನನ್ನ ಕಡೆ ತಿರುಗಿ ಕೈಚಾಚಿದರು. ಕುಟುಂಬದಲ್ಲಿ ಪೂರಾ ರೊಕ್ಕಕ್ಕೆ ಬಾಳುವವನು ನಾನೊಬ್ಬನೇ ಎಂದು ಸರಕಾರವಾದರೂ ಒಪ್ಪಿಕೊಂಡಿತಲ್ಲ ಎಂದು ಎದೆ ಉಬ್ಬಿಸಿ ಕೊಟ್ಟೆ.

ಅಕ್ಕನ ಮನೆಯವರು ಬೀಜದ ವ್ಯಾಪಾರಸ್ಥರು. ಬೀಜದ ಕಂಪನಿಗಳಿಗೆ ಹೆಸರಾದ ಆ ಊರಿನಲ್ಲಿ ಮೊಳಕೆ ಬರುವವರೆಗೆ ಯಾರೂ ಯಾರ ಮಾತನ್ನೂ ನಂಬುವುದಿಲ್ಲ. ಅದರಲ್ಲೂ ಅಕ್ಕ ನನ್ನನ್ನು ಹುಟ್ಟಿದಾಗಿನಿಂದ ಬಲ್ಲವಳು. ನಾನು ಹಳೆಯ ನೆನಪಿಗೆ ಅವಳ ಮೊಮ್ಮಗನ ಕಿವಿಗೆ ಕೈ ಹಾಕುವಷ್ಟರಲ್ಲೇ, ‘ತಮ್ಮಾ, ಮುಷ್ಟಿ ಬಿಚ್ಚು’ ಎಂದಳು. ಬಿಚ್ಚಿದೆ. ರೂಪಾಯಿ ಇತ್ತು. ಮೊಮ್ಮಗ ಅದನ್ನು ತೆಗೆದುಕೊಂಡು ಹೋದ.

ಮರ್ಯಾದೆ ಉಳಿಸಿಕೊಳ್ಳಲು ಮರುದಿನ ಬೆಳಿಗ್ಗೆ ಎಲ್ಲರನ್ನೂ ಕೃಷ್ಣಮೃಗ ಅಭಯಾರಣ್ಯಕ್ಕೆ ಕರೆದೊಯ್ದೆ. ನಾನು ಅರ್ಥಶಾಸ್ತ್ರದ ಉಪನ್ಯಾಸಕ. ಬೆಲ್ ಹೊಡೆಯದೆ ಮಾತು ನಿಲ್ಲಿಸುವ ರೂಢಿಯಿಲ್ಲ. ‘1974ರಲ್ಲಿ ಇದನ್ನು ಅಭಯಾರಣ್ಯ ಎಂದು ಘೋಷಿಸಿದರು. ವಿಸ್ತೀರ್ಣ 119 ಚದರ ಕಿಲೋಮೀಟರ್. ನೀಲಗಿರಿ ನೆಟ್ಟದ್ದರಿಂದ ಹುಲ್ಲುಗಾವಲು ಕಡಿಮೆಯಾಯಿತು. ಒಂದು ಕಾಲಕ್ಕೆ ಇಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿ ಇತ್ತು, ಈಗ ಇಲ್ಲಿಂದ ಮಾಯ...’ ಎಂದು ಎಡಗಡೆಯ ಬಯಲಿಗೆ ಕೈಚಾಚಿ ವಿವರಿಸುತ್ತಿದ್ದೆ. ಯಾರೂ ಉಸಿರೆತ್ತಲಿಲ್ಲ. ನನ್ನ ಮಾತಿಗೆ ಇಷ್ಟು ಗಾಢ ಮೌನ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. ಹಿಗ್ಗಿನಿಂದ ತಿರುಗಿದರೆ ಎಲ್ಲರೂ ನನಗೆ ಬೆನ್ನು ಹಾಕಿ ಬಲಗಡೆ ನೋಡುತ್ತಿದ್ದರು. ಸುರುಳಿ ಕೊಂಬಿನ ಕರೀ ಹೋರಿ ಮುಂದೆ, ಹಿಂಡು ಹಿಂದೆ, ಚಂಗನೆ ನೆಗೆದು ಗಿಡಗಳಲ್ಲಿ ಸೇರಿಹೋಗಿದ್ದವು. ನನಗೆ ಕಂಡದ್ದು ಧೂಳು. ‘ಗಮನ ತಪ್ಪಿಸೂದು ಅಂದ್ರ ಇದ ನೋಡಪಾ’ ಎಂದಳು ಮಗಳು. ‘ನಿನ್ನ ಗಮನಾ ನೀನ ತಪ್ಪಿಸಿಕೊಂಡಿ.’

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ರೈಲು. ಅಕ್ಕನೂ ಅವಳ ಮನೆಯವರೂ ಜೊತೆಗೆ ಹೊರಟರು. ನಡುವೆ ದೇವರಗುಡ್ಡ ನಿಲ್ದಾಣ ಬಂದಾಗ ಅಕ್ಕ ಕೈಮುಗಿದಳು. ಅಲ್ಲಿಯ ಮಾಲತೇಶನ ಗುಡ್ಡದಲ್ಲಿ ದಸರಾ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಸಾವಿರಾರು ಜನರನ್ನು ಗಪ್‌ಚುಪ್ ಮಾಡಿ, ಒಂದೇ ಒಂದು ಸಾಲಿನ ಕಾರಣಿಕ ನುಡಿಯುತ್ತಾನೆ. ಮಳೆಯೋ ಬೆಳೆಯೋ ಸರಕಾರವೋ ಎಂದು ಜನ ಅದಕ್ಕೆ ವರ್ಷವಿಡೀ ಅರ್ಥ ಹಚ್ಚುತ್ತಾರೆ. ನನ್ನ ಅವಸ್ಥೆಯೂ ಅದೇ. ಹೆಂಡತಿ ಒಮ್ಮೆ ‘ಆತ ಬಿಡ್ರಿ’ ಎಂದರೆ ಅದು ಒಪ್ಪಿಗೆಯೋ, ಎಚ್ಚರಿಕೆಯೋ, ಮುಂದಿನ ತಿಂಗಳ ಖರ್ಚಿನ ಮುನ್ಸೂಚನೆಯೋ ತಿಳಿಯದೆ ದೀಪಾವಳಿಯವರೆಗೂ ಒದ್ದಾಡುತ್ತೇನೆ.

ಬ್ಯಾಡಗಿಯಲ್ಲಿ ಮಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ ಇಡೀ ಊರು ಕೆಂಪು. ಈಗ ದರವೆಲ್ಲ ಇ-ಟೆಂಡರಿನಲ್ಲಿ, ಕಂಪ್ಯೂಟರಿನ ಮೇಲೆ. ಮೊಮ್ಮಕ್ಕಳು ಕರವಸ್ತ್ರದಡಿ ನಾಣ್ಯ ಮಾಯ ಮಾಡಿದ್ದನ್ನು ನೋಡಿ ಮಾವ ಹೆಗಲ ಮೇಲಿನ ಟವೆಲ್ ಇಳಿಸಿದರು. ‘ಇಕಾ, ಇದರ ಕೆಳಗ ಕೈ ಇಡು’ ಎಂದು ಮಗನ ಬೆರಳು ಹಿಡಿದರು. ದನದ ಸಂತೆಯಲ್ಲಿ ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಮರೆಯಲ್ಲಿ ಬೆರಳು ಅದುಮಿ ದರ ಕುದುರಿಸುವ ವಿದ್ಯೆ ಅದು. ಸುತ್ತ ನೂರು ಮಂದಿ ನಿಂತಿದ್ದರೂ ಒಬ್ಬರಿಗೂ ಸುಳಿವು ಹತ್ತುವುದಿಲ್ಲ. ಅಜ್ಜನೂ ಮೊಮ್ಮಗನೂ ನನ್ನ ಮುಂದೆಯೇ ಅರ್ಧ ತಾಸು ಏನೇನೋ ಕೊಂಡರು, ಮಾರಿದರು. ಆಗಾಗ ನನ್ನ ಕಡೆ ನೋಡಿ ನಗುತ್ತಿದ್ದರು. ದರ ಎಷ್ಟಕ್ಕೆ ನಿಂತಿತೆಂದು ನನಗೆ ಇನ್ನೂ ತಿಳಿದಿಲ್ಲ.

ಇನ್ನು ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ನಾನೊಂದು ಭಾಷಣ ಇಟ್ಟುಕೊಂಡಿದ್ದೇನೆ. ಬೀಗರು, ನೆಂಟರು, ಗ್ಯಾಸ್ ಸಿಲಿಂಡರ್ ತಂದವರು ಯಾರೇ ಸಿಕ್ಕರೂ ಬಿಡುವುದಿಲ್ಲ. ‘ಇದೇ ನಿಜವಾದ ಜಾದೂ. ನೋಡಿದರೆ ಬೆಂಕಿ, ಬಾಯಿಗಿಟ್ಟರೆ ಖಾರ ಅಷ್ಟಕ್ಕಷ್ಟೇ. ಡಬ್ಬಿ ಎಂದೊಂದು ಜಾತಿ, ಕಡ್ಡಿ ಎಂದೊಂದು ಜಾತಿ. ಮೈಯೆಲ್ಲ ಸುಕ್ಕು. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೆಸರು ಬ್ಯಾಡಗಿಯದಾದರೂ ಧಾರವಾಡ, ಗದಗ, ಬಳ್ಳಾರಿ ಕಡೆಯಿಂದೆಲ್ಲ ಮಾಲು ಬರುತ್ತದೆ. ಇದರ ಬಣ್ಣವನ್ನು ಹಿಂಡಿ ತೆಗೆದು ಲಿಪ್‌ಸ್ಟಿಕ್ಕಿಗೆ, ಉಗುರುಬಣ್ಣಕ್ಕೆ ಸೇರಿಸುತ್ತಾರೆ’ ಎಂದು ಶುರುವಾದರೆ ಹೆಂಡತಿ ಎದ್ದು ಕುಕ್ಕರ್ ಇಡಲು ಹೋಗುತ್ತಾಳೆ. ಮೆಣಸಿನಕಾಯಿ ಮಾರುವ ಮನೆಯಲ್ಲೇ ಹುಟ್ಟಿದವಳಿಗೆ ಇದನ್ನು ನಾನು ಅತಿ ಹೆಚ್ಚು ಸಲ ಹೇಳಿದ್ದೇನೆ.

ಅಂದು ಸಂಜೆ ಮಾವನ ಮನೆಯ ಪಡಸಾಲೆಯಲ್ಲಿ ಪ್ರದರ್ಶನ. ಗುಡಾರದ ಬಟ್ಟೆಯ ಪರದೆ, ಎರಡು ಬೆಂಚು, ಓಣಿಯ ಮಂದಿಯೆಲ್ಲ ಹಾಜರು. ಬಾಗಿಲಾಚೆಯೇ ಮೆಣಸಿನಕಾಯಿ ಚೀಲಗಳು. ಘಾಟು ಏಳುತ್ತಿದ್ದಂತೆ ಸಭೆಯಲ್ಲಿ ಸೀನು ಹಬ್ಬಿತು. ಮಗಳು ತಬ್ಬಿಬ್ಬಾಗುತ್ತಾಳೆ ಎಂದುಕೊಂಡಿದ್ದೆ. ಬದಲಿಗೆ ಆಕೆ ಕಾಯತೊಡಗಿದಳು. ಮುಂದಿನ ಸಾಲಿನಲ್ಲಿ ಒಬ್ಬರ ಮೂಗು ಅರಳಿದ್ದೇ ತಡ ಕೈ ಎತ್ತುತ್ತಿದ್ದಳು. ಆಕ್ಷೀ ಎನ್ನುವಷ್ಟರಲ್ಲಿ ಅವರ ಕಣ್ಣು ಮುಚ್ಚುತ್ತಿತ್ತು, ಉಳಿದವರ ಕಣ್ಣು ಅವರ ಕಡೆ ತಿರುಗುತ್ತಿತ್ತು, ನಾಣ್ಯ ಮಾಯವಾಗುತ್ತಿತ್ತು. ಲಾಸ್ ವೇಗಸ್ಸಿನಲ್ಲಿ ಬಣ್ಣದ ದೀಪ, ಹೊಗೆ, ಬ್ಯಾಂಡು ಹಚ್ಚಿ ಮಾಡುವ ಕೆಲಸವನ್ನು ಬ್ಯಾಡಗಿಯಲ್ಲಿ ನಾಲ್ಕು ಚೀಲ ಮಾಲು ಪುಕ್ಕಟೆ ಮಾಡಿಕೊಟ್ಟಿತು.

ಕೊನೆಯ ಐಟಂ: ಮನಸ್ಸು ಓದುವುದು. ‘ಸಭೆಯೊಳಗಿಂದ ಯಾರರ ಒಬ್ರು ಬರ್ರಿ’ ಎಂದಳು. ನಾನು ಬೇರೆ ಕಡೆ ನೋಡುತ್ತಿದ್ದೆ. ಇಡೀ ಸಭೆ ನನ್ನನ್ನು ನೋಡುತ್ತಿತ್ತು. ಹೋದೆ. ಮೇಜಿನ ಮೇಲೆ ಅಂದಿನ ಪೇಪರು, ಬಾಳೆಹಣ್ಣು, ಒಂದು ಕಪ್ ಚಹಾ, ಒಂದು ಲಿಂಬೆಹಣ್ಣು, ಒಂದು ಕೆಂಪು ಮೆಣಸಿನಕಾಯಿ. ಪಕ್ಕದಲ್ಲಿ ಅಂಟು ಹಚ್ಚಿದ ಮೂರು ಲಕೋಟೆ. ‘ಅಪ್ಪಾ, ನಿನ್ನ ಮನಸ್ಸಿಗಿ ಬಂದದ್ದು ಒಂದ ತಗೋ. ಯಾರೂ ಒತ್ತಾಯ ಮಾಡಿಲ್ಲ.’ ನಾನು ಆಳವಾಗಿ ಯೋಚಿಸುವವನಂತೆ ಗಲ್ಲ ಹಿಡಿದುಕೊಂಡು ಐದನ್ನೂ ನೋಡಿ ಚಹಾ ಎತ್ತಿಕೊಂಡೆ. ಮಗಳು ಮೊದಲ ಲಕೋಟೆಯನ್ನು ಅಜ್ಜನ ಕೈಯಿಂದ ಒಡೆಸಿದಳು. ಮಾವ ಕನ್ನಡಕ ಏರಿಸಿ ಓದಿದರು: ‘ಅಪ್ಪ ಭಾಳ ಇಚಾರ ಮಾಡಿದಂಗ ಮಾಡಿ ಚಹಾ ತಗೋತಾನ. ಚೀಟಿ ಓದಿ ಮುಗಸೂದ್ರಾಗ ಕುಡದೂ ಬಿಡ್ತಾನ.’ ಕಪ್ಪು ಬಾಯಿಂದ ಇಳಿಸಿ ನೋಡಿದೆ. ತಳದಲ್ಲಿ ಪುಡಿ ಮಾತ್ರ ಉಳಿದಿತ್ತು.

ನಗೆ ಗೋಡೆಗೆ ಬಡಿದು ತಿರುಗಿ ಬಂತು. ನನ್ನ ಸ್ವಾಭಿಮಾನ ಕೆರಳಿತು. ‘ಇನ್ನೊಮ್ಮೆ ಮಾಡೂಣ’ ಎಂದೆ. ಒಮ್ಮೆ ಮಾಡಿದ ಆಟ ಮತ್ತೆ ಮಾಡಬಾರದೆಂಬ ನಿಯಮ ಮಗಳಿಗೆ ನೆನಪಾಗುತ್ತದೆ ಎಂದು ಎಣಿಸಿದ್ದೆ. ಆಕೆ ‘ಆಗ್ಲಿ’ ಎಂದಳು. ಈ ಸಲ ನಾನು ಯಾರೂ ಊಹಿಸಲಾರದ್ದನ್ನು ಎತ್ತಿಕೊಂಡೆ: ಮೆಣಸಿನಕಾಯಿ. ಎತ್ತಿದ ಮೇಲೆ ಸುಮ್ಮನಿರುವುದು ಹೇಗೆ? ‘ನೋಡ್ರಿ, ಹೊರಗಿನವರು ಇದನ್ನು ನೋಡಿದರೇ ಬೆವರುತ್ತಾರೆ. ಆದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ...’ ಎನ್ನುತ್ತ ಅರ್ಧ ಕಡಿದು ಅಗಿದೆ. ಮಾವ ಎರಡನೇ ಲಕೋಟೆ ಓದತೊಡಗಿದ್ದರು: ‘ಎರಡನೇ ಸಲ ಬೇಕಂತನ ಮೆಣಸಿನಕಾಯಿ ತಗೋತಾನ. ಬ್ಯಾಡಗಿದು ಖಾರ ಇರಂಗಿಲ್ಲ ಅಂತ ಭಾಷಣಾ ಮಾಡಿ ತಿಂದು ತೋರಸ್ತಾನ. ಇದು ಗುಂಟೂರದು.’

ಕಿವಿಯಿಂದ ಬಿಸಿ ಗಾಳಿ ಹೊರಟಿತು. ಮಾವನವರು ಬಹಳ ಮರ್ಯಾದೆಯಿಂದ, ‘ಅಳಿಯಾರ, ಬ್ಯಾಡಗಿದು ಸುಕ್ಕಗಟ್ಟಿರತೈತಿ ಅಂತ ನೀವ ಹೇಳ್ತಿರತೀರಲ್ರಿ. ಇದು ನುಣ್ಣಗಿತ್ತಲ್ಲ’ ಎಂದರು. ಗುಂಟೂರು ಮಾಲೂ ಬ್ಯಾಡಗಿ ಮಾರುಕಟ್ಟೆಗೆ ಬರುತ್ತದೆ ಎಂಬುದು ನನ್ನ ಭಾಷಣದಲ್ಲಿ ಇಲ್ಲದ ಅಂಶ. ‘ನೀರ್... ನೀರ್...’ ಎಂದೆ. ಆಗ ಪರದೆಯ ಹಿಂದಿನಿಂದ ತಂಬಿಗೆ ಹಿಡಿದು ಮಗನ ಪ್ರವೇಶ. ಕೈ ಚಾಚಿದೆ. ಅವನು ಹಿಂದೆ ಸರಿದು, ತಂಬಿಗೆಯನ್ನು ಬಕೇಟಿಗೆ ಬೋರಲು ಹಾಕಿ, ‘ಖಾಲಿ ಐತೆಲ್ರೀ?’ ಎಂದು ಸಭೆಯನ್ನು ಕೇಳಿದ. ಸಭೆ ಒಕ್ಕೊರಲಿನಿಂದ ‘ಐತಿ’ ಎಂದಿತು. ‘ಅಪ್ಪಾ, ತಡಿ. ಮಂತ್ರಾ ಹೇಳೂ ಮಟಾ ನೀರ ಬರಂಗಿಲ್ಲ.’ ಮಂತ್ರ ಉದ್ದವಿತ್ತು. ಅದರಲ್ಲಿ ಗಂಗೆ, ತುಂಗೆ, ವರದೆ, ಕುಮುದ್ವತಿ ಎಲ್ಲ ಹರಿದು ಹೋದವು. ಕಡೆಗೆ ತಂಬಿಗೆ ಬಗ್ಗಿಸಿದಾಗ ಒಂದು ಗುಟುಕು ಬಿತ್ತು. ಮತ್ತೆ ‘ಖಾಲಿ ಐತೆಲ್ರೀ?’ ಮತ್ತೆ ‘ಐತಿ!’ ಮತ್ತೆ ಮಂತ್ರ. ಇತಿಹಾಸದಲ್ಲಿ ‘ವಾಟರ್ ಆಫ್ ಇಂಡಿಯಾ’ವನ್ನು ಇಷ್ಟು ಶ್ರದ್ಧೆಯಿಂದ, ಕಣ್ಣೀರು ಸುರಿಸುತ್ತ ನೋಡಿದ ಪ್ರೇಕ್ಷಕ ಇನ್ನೊಬ್ಬನಿರಲಾರ.

ಮೂರನೇ ಲಕೋಟೆಯನ್ನು ಅಕ್ಕ ಓದಿದಳು. ‘ಅಪ್ಪಗ ಭಾಳ ಸಿಟ್ಟ ಬರತೈತಿ. ಆದ್ರ ಮಂದಿ ಚಪ್ಪಾಳಿ ಹೊಡದ್ರ ಕೈಮುಗದು ನಗತಾನ.’ ಮಂದಿ ಚಪ್ಪಾಳೆ ಹೊಡೆದರು. ನನ್ನ ಕೈಗಳು ಆಗಲೇ ಎದೆಯ ಮಟ್ಟಕ್ಕೆ ಬಂದಿದ್ದವು.

ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಬದಿಗೆ ಕರೆದು, ನಿಯಮ ಮುರಿದರೂ ಚಿಂತೆಯಿಲ್ಲ, ಇದೊಂದರ ಗುಟ್ಟು ಹೇಳು ಎಂದು ಗೋಗರೆದೆ. ಚೀಟಿ ಬದಲಿಸಿದಳೋ, ಬೇರೆ ಲಕೋಟೆಗಳೂ ಇದ್ದವೋ, ಪರದೆಯ ಹಿಂದೆ ಯಾರಾದರೂ ಬರೆಯುತ್ತಿದ್ದರೋ? ‘ಇದರಾಗ ಗುಟ್ಟ ಇಲ್ಲಪಾ. ನಿನ್ನೆ ಬರದ ಇಟ್ಟಿದ್ದೆ. ಅಮ್ಮ ಹೇಳಿದ್ಲು, ನಾ ಬರಕೊಂಡೆ’ ಎಂದಳು.

ಅಷ್ಟರಲ್ಲಿ ಅಕ್ಕನ ಮನೆಯವರು ತಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಇದೇ ಪ್ರದರ್ಶನ ರಾಣೆಬೆನ್ನೂರಿನಲ್ಲಿ ಆಗಬೇಕೆಂದು ಪ್ರಸ್ತಾಪ ತೆಗೆದರು. ಮಕ್ಕಳ ಪರವಾಗಿ ಮಾವ ಟವೆಲ್ ಹಾಸಿದರು. ಕೆಳಗೆ ಬೆರಳುಗಳು ಓಡಾಡಿದವು. ಇಬ್ಬರ ಮುಖದ ಮೇಲೂ ಒಂದು ಗೆರೆ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಟವೆಲ್ ಹೆಗಲಿಗೇರಿತು, ವ್ಯವಹಾರ ಕುದುರಿತ್ತು. ಅಕ್ಕನದು ಒಂದೇ ಷರತ್ತು: ‘ತಮ್ಮನ್ನ ಕರಕೊಂಡ ಬರಬೇಕು. ಅಂವಾ ಇಲ್ಲಂದ್ರ ಆಟ ಆಗಂಗಿಲ್ಲ.’ ನನ್ನ ಬೆಲೆ ಕಡೆಗೂ ಬಯಲಿಗೆ ಬಂತೆಂದು ಬೆನ್ನು ನೆಟ್ಟಗೆ ಮಾಡಿ ಕೂತೆ.

ಮಗ ಒಳ್ಳೆಯ ಹುಡುಗ. ‘ಹಂಗಾರ ಅಪ್ಪಗ ಎಷ್ಟ ಕೊಡೂದು?’ ಎಂದು ಕೇಳಿದ.

‘ಅವಗ್ಯಾಕ?’ ಎಂದಳು ಮಗಳು. ‘ಮೋಸಾ ಹೋದಂಗ ಮಾಡಾವ್ರಿಗಿ ರೊಕ್ಕಾ ಕೊಡಬೇಕಾಗತೈತಿ. ಅಪ್ಪ ಖರೇನ ಹೋಗ್ತಾನಲ್ಲ.’

ಅಂದಿನಿಂದ ಮೋಸಹೋದಂತೆ ನಟಿಸುವುದನ್ನು ಅಭ್ಯಾಸ ಮಾಡಬೇಕೆಂದಿದ್ದೇನೆ. ಕನ್ನಡಿ ಖಾಲಿ ಸಿಗಬೇಕಷ್ಟೆ.